ಅಡುಗೆಮನೆಯ ಮೇಜಿನಿಂದ ಹೃದಯದ ನಾಳದವರೆಗೆ: ಆಂಡ್ರಿಯಾಸ್ ಗ್ರುಂಟ್ಸಿಗ್

ಹೃದಯಾಘಾತವಾದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರ ಮುಂದಿರುವ ಮೊದಲ ಪ್ರಶ್ನೆ ಒಂದೇ. ಮುಚ್ಚಿಹೋದ ರಕ್ತನಾಳವನ್ನು ಎಷ್ಟು ಬೇಗ ತೆರೆಯಬಹುದು ಎಂಬುದು. ಮಣಿಕಟ್ಟಿನ ಅಥವಾ ತೊಡೆಸಂದಿಯ ಅಪಧಮನಿಯ ಮೂಲಕ ತೆಳುವಾದ ಕೊಳವೆಯೊಂದನ್ನು ಹೃದಯದ ಹೊಸ್ತಿಲಿನವರೆಗೆ ಸಾಗಿಸುತ್ತಾರೆ. ಕೂದಲಿನಷ್ಟು ಸಣ್ಣ ತಂತಿಯನ್ನು ಹೆಪ್ಪುಗಟ್ಟಿದ ರಕ್ತದ ನಡುವೆ ತೂರಿಸುತ್ತಾರೆ. ಅಗತ್ಯ ಕಂಡರೆ ಆ ಹೆಪ್ಪನ್ನು ಹೀರಿ ತೆಗೆದು, ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಕೂರಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಎದೆ ಸೀಳುವ ಪ್ರಸಂಗ ಬರುವುದಿಲ್ಲ. ಆಂಜಿಯೋಪ್ಲಾಸ್ಟಿ ಎಂಬ ಪದ ಈಗ ಹಳ್ಳಿಯ ಜಗಲಿಕಟ್ಟೆಯಲ್ಲೂ ಅಪರಿಚಿತವಲ್ಲ. ಹೃದಯದ ನಾಳಕ್ಕೆ ಈ ಬಲೂನನ್ನು ಮೊದಲು ಕಳುಹಿಸಿದವರು ಜರ್ಮನಿಯಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನಲ್ಲಿ ಹೆಸರು ಮಾಡಿ, ಅಮೆರಿಕದಲ್ಲಿ ಅಕಾಲ ಮರಣಕ್ಕೀಡಾದ ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್. ಹೃದ್ರೋಗ ತಜ್ಞರ ವಲಯದಲ್ಲಿ ಅವರ ಹೆಸರು ಅರಿಯದವರಿಲ್ಲ.

ಗ್ರುಂಟ್ಸಿಗ್ ಜನಿಸಿದ್ದು 1939ರ ಜೂನ್ 25ರಂದು, ಜರ್ಮನಿಯ ಡ್ರೆಸ್ಡನ್ ನಗರದಲ್ಲಿ. ಎರಡನೇ ಮಹಾಯುದ್ಧ ಆರಂಭವಾಗಲು ಆಗ ಎರಡು ತಿಂಗಳಷ್ಟೇ ಉಳಿದಿತ್ತು. ವಿಜ್ಞಾನದ ಅಧ್ಯಾಪಕರಾಗಿದ್ದ ತಂದೆ ಯುದ್ಧಕಾಲದಲ್ಲಿ ವಾಯುಪಡೆಯ ಹವಾಮಾನ ವಿಭಾಗಕ್ಕೆ ಸೇರಿದರು. ಯುದ್ಧ ಮುಗಿದಾಗ ಅವರು ಮನೆಗೆ ಮರಳಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಸ್ಯಾಕ್ಸನಿ ಪ್ರಾಂತ್ಯದ ರಾಕ್ಲಿಟ್ಸ್ ಎಂಬ ಸಣ್ಣ ಊರಿನಲ್ಲಿ ಕೆಲಕಾಲ ಕಳೆದ ಕುಟುಂಬ, 1950ರಲ್ಲಿ ಬಂಧುಗಳ ಆಶ್ರಯ ಅರಸಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಯಿತು. ಅಲ್ಲಿ ನೆಲೆ ನಿಲ್ಲದೆ ಮತ್ತೆ ಪೂರ್ವ ಜರ್ಮನಿಯ ಲೀಪ್‌ಜಿಗ್‌ಗೆ ಬಂತು. ಸಂಗೀತಗಾರ ಬಾಖ್ ಸೇವೆ ಸಲ್ಲಿಸಿದ್ದ ಹಳೆಯ ಥಾಮಸ್ ಶಾಲೆಯಲ್ಲಿ ಬಾಲಕನ ವ್ಯಾಸಂಗ ನಡೆಯಿತು. ಬರ್ಲಿನ್ ಗೋಡೆ ಏಳುವ ಮುನ್ನವೇ ಪಶ್ಚಿಮ ಜರ್ಮನಿ ಸೇರಿದ ಗ್ರುಂಟ್ಸಿಗ್, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ 1964ರಲ್ಲಿ ವೈದ್ಯಕೀಯ ಪದವಿ ಪಡೆದರು.

ಅದೇ 1964ರ ಜನವರಿ 16ರಂದು, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷ-ಕಿರಣ ತಜ್ಞರು 82 ವರ್ಷದ ಮಹಿಳೆಯೊಬ್ಬರ ಕಾಲಿನ ಕಿರಿದಾದ ಅಪಧಮನಿಯನ್ನು ಕೊಳವೆಯಿಂದಲೇ ಅಗಲಿಸಿದ್ದರು. ಕೊಳೆಯತೊಡಗಿದ್ದ ಕಾಲನ್ನು ಕತ್ತರಿಸಲು ಆ ಮಹಿಳೆ ಒಪ್ಪಿರಲಿಲ್ಲ. ಚಿಕಿತ್ಸೆಯ ಬಳಿಕ ಕೊನೆಯವರೆಗೂ ಆಕೆ ತಮ್ಮ ಕಾಲ ಮೇಲೆಯೇ ನಡೆದಾಡಿದರು. ಒಂದರ ಮೇಲೊಂದು ದಪ್ಪನೆಯ ಕೊಳವೆ ತೂರಿಸುತ್ತಾ ಹೋಗುವ ಈ ಒರಟು ವಿಧಾನವನ್ನು ಅಮೆರಿಕದ ಶಸ್ತ್ರಚಿಕಿತ್ಸಕರು ಗಂಭೀರವಾಗಿ ಪರಿಗಣಿಸಲಿಲ್ಲ. ಡಾಟರ್ ಅವರನ್ನು ಹುಚ್ಚನೆಂದು ಕರೆದವರೂ ಇದ್ದರು. ಆದರೆ ಜರ್ಮನಿಯಲ್ಲಿ ಎಬರ್‌ಹಾರ್ಡ್ ಝೈಟ್ಲರ್ ಅವರಂತಹ ಕೆಲವರು ಅದನ್ನು ಕೈಗೆತ್ತಿಕೊಂಡರು. 1969ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯ ರಕ್ತನಾಳ ವಿಭಾಗ ಸೇರಿದ ಗ್ರುಂಟ್ಸಿಗ್, ಈ ವಿದ್ಯೆಯನ್ನು ಕಲಿತದ್ದು ಝೈಟ್ಲರ್ ಅವರಿಂದ.

ಡಾಟರ್ ವಿಧಾನದ ಮಿತಿ ಅವರಿಗೆ ಬೇಗನೆ ಅರಿವಾಯಿತು. ನಾಳವನ್ನು ಎಷ್ಟು ಅಗಲಿಸಬೇಕೋ ಅಷ್ಟೇ ದಪ್ಪದ ಕೊಳವೆಯನ್ನು ಚರ್ಮದ ಮೂಲಕ ತೂರಿಸಬೇಕಿತ್ತು. ಕಾಲಿಗೆ ಅದು ಹೇಗೋ ಸಲ್ಲುತ್ತಿತ್ತು, ಮೂರು ನಾಲ್ಕು ಮಿಲಿಮೀಟರ್ ವ್ಯಾಸದ ಹೃದಯದ ನಾಳಕ್ಕೆ ಅದು ಸಲ್ಲದ ಮಾತು. ಒಳಗೆ ಹೋಗುವಾಗ ಸಣ್ಣದಾಗಿದ್ದು, ಜಾಗ ತಲುಪಿದ ಮೇಲೆ ದೊಡ್ಡದಾಗುವ ವಸ್ತು ಬೇಕಿತ್ತು. ಅಂದರೆ ಬಲೂನು ಬೇಕಿತ್ತು.

ಅಡುಗೆಮನೆಯೇ ಕಾರ್ಯಾಗಾರ

ಬಲೂನು ಎಂದೊಡನೆ ರಬ್ಬರ್ ನೆನಪಾಗುತ್ತದೆ. ರಬ್ಬರ್ ಬಲೂನು ಉಬ್ಬಿಸಿದಾಗ ಅದು ಪ್ರತಿರೋಧವಿಲ್ಲದ ಕಡೆಗೆ ಹಿಗ್ಗುತ್ತದೆ. ನಾಳದಲ್ಲಿ ಕೊಬ್ಬು ಗಟ್ಟಿಯಾಗಿ ಕಿರಿದಾದ ಕಡೆ ಅದು ಸೊಂಟ ಕಟ್ಟಿದಂತೆ ಉಳಿದು, ಹಿಂದೆ ಮುಂದೆ ಮಾತ್ರ ಊದಿಕೊಳ್ಳುತ್ತದೆ. ಆರೋಗ್ಯವಾಗಿರುವ ನಾಳಕ್ಕೆ ಅಪಾಯ, ರೋಗವಿರುವ ಜಾಗಕ್ಕೆ ಪ್ರಯೋಜನ ಶೂನ್ಯ. ಗೊತ್ತುಪಡಿಸಿದ ಅಳತೆಯವರೆಗೆ ಹಿಗ್ಗಿ, ಅದಕ್ಕಿಂತ ಒಂದಿಷ್ಟೂ ಮುಂದಕ್ಕೆ ಹೋಗದೆ, ಒಳಗಿನ ಒತ್ತಡವನ್ನೆಲ್ಲ ಗೋಡೆಯತ್ತ ತಳ್ಳುವ ಗಟ್ಟಿ ಬಲೂನು ಬೇಕು.

ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ ಹೈನ್ರಿಕ್ ಹಾಫ್ ಅವರ ಬಳಿಗೆ ಗ್ರುಂಟ್ಸಿಗ್ ಹೋದರು. ಪಾಲಿವಿನೈಲ್ ಕ್ಲೋರೈಡ್, ಅಂದರೆ ಇಂದು ಮನೆಯ ನೀರಿನ ಪೈಪುಗಳಿಂದ ಎಲ್ಲರಿಗೂ ಗೊತ್ತಿರುವ ಪಿವಿಸಿ, ಈ ಕೆಲಸಕ್ಕೆ ಒದಗಬಹುದೆಂಬ ಸಲಹೆ ಸಿಕ್ಕಿದ್ದು ಅವರಿಂದ. ಮುಂದಿನ ಪ್ರಯೋಗಗಳೆಲ್ಲ ನಡೆದದ್ದು ಗ್ರುಂಟ್ಸಿಗ್ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು, ಸಹಾಯಕಿ ಮರಿಯಾ ಶ್ಲುಂಫ್, ಆಕೆಯ ಪತಿ ವಾಲ್ಟರ್ ಮತ್ತು ಗ್ರುಂಟ್ಸಿಗ್ ಅವರ ಪತ್ನಿ, ಮನಶ್ಶಾಸ್ತ್ರಜ್ಞೆ ಮಿಖಾಯೇಲಾ ಸೇರಿ ನಾಲ್ವರು ಕೂರುತ್ತಿದ್ದರು. ತೆಳು ಕೊಳವೆಗಳು, ಬ್ಲೇಡು, ದಾರ, ಅಂಟು ಇವೇ ಉಪಕರಣಗಳು. ಪಿವಿಸಿ ಕೊಳವೆಯ ತುಂಡನ್ನು ಬಿಸಿ ಮಾಡಿ ಗಾಳಿಯ ಒತ್ತಡ ಕೊಟ್ಟು ಉರುಳೆಯಾಕಾರಕ್ಕೆ ಉಬ್ಬಿಸುವುದು, ಅದನ್ನು ಇನ್ನೊಂದು ಕೊಳವೆಯ ಸುತ್ತ ಬಿಗಿದು ಅಂಟಿಸುವುದು, ಸೋರಿದರೆ ಎಸೆದು ಮತ್ತೊಂದನ್ನು ಮಾಡುವುದು. ಇಂದು ಭಾರಿ ಉದ್ಯಮವಾಗಿ ಬೆಳೆದಿರುವ ವೈದ್ಯಕೀಯ ಸಾಧನವೊಂದರ ಮೂಲ ಇಷ್ಟು ಸಾಧಾರಣವಾಗಿತ್ತು ಎಂಬುದನ್ನು ನಂಬುವುದು ಕಷ್ಟ.

1974ರ ಫೆಬ್ರುವರಿ 12ರಂದು ಈ ಬಲೂನು ಮೊದಲ ಬಾರಿಗೆ ರೋಗಿಯೊಬ್ಬರ ಕಾಲಿನ ಅಪಧಮನಿಯಲ್ಲಿ ಉಬ್ಬಿತು. ಹಾಗೆ ಆರಂಭವಾದ ಕೆಲಸ ಒಂದೆರಡು ವರ್ಷದಲ್ಲಿ ಎರಡು ಒಳದಾರಿಗಳುಳ್ಳ ಸಣ್ಣ ಕೊಳವೆಯ ಹಂತ ತಲುಪಿತು. ಒಂದು ದಾರಿ ಬಲೂನು ಉಬ್ಬಿಸಲು, ಇನ್ನೊಂದು ತುದಿಯಲ್ಲಿನ ರಕ್ತದ ಒತ್ತಡ ಅಳೆಯಲು. ಕಿರಿದಾದ ಜಾಗದ ಆಚೆ ಈಚೆ ಒತ್ತಡದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದು ಅಂಕಿಯಲ್ಲಿ ಕಾಣುತ್ತಿತ್ತು. ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆದೇ ಹೇಳಬೇಕೆಂಬ ಹಟ ಅವರದು.

ನಾಯಿಗಳ ಹೃದಯದ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು 1976ರ ನವೆಂಬರ್‌ನಲ್ಲಿ ಮಯಾಮಿಯಲ್ಲಿ ನಡೆದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಮ್ಮೇಳನದಲ್ಲಿ ಅವರು ಭಿತ್ತಿಪತ್ರವಾಗಿ ಮಂಡಿಸಿದರು. ನಿಂತು ನೋಡಿದವರಲ್ಲಿ ಹೆಚ್ಚಿನವರು ಇದು ಮನುಷ್ಯರಿಗೆ ಆಗುವಂಥದ್ದಲ್ಲ ಎಂದೇ ಮುಂದೆ ಸಾಗಿದರು. ಸ್ಯಾನ್‌ಫ್ರಾನ್ಸಿಸ್ಕೋದ ಡಾ. ರಿಚರ್ಡ್ ಮೈಲರ್ ಮಾತ್ರ ಆಸಕ್ತಿ ತೋರಿದರು. 1977ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ, ಬೈಪಾಸ್ ಶಸ್ತ್ರಚಿಕಿತ್ಸೆಗಾಗಿ ಎದೆ ತೆರೆದಿದ್ದ ರೋಗಿಗಳ ನಾಳದಲ್ಲಿ ಬಲೂನು ಉಬ್ಬಿಸಿ ನೋಡಲಾಯಿತು. ಕೊಬ್ಬಿನ ಚೂರು ಕಿತ್ತು ಮುಂದೆ ಹೋಗಿ ಸಣ್ಣ ನಾಳಗಳನ್ನು ಮುಚ್ಚೀತೆಂಬುದು ಎಲ್ಲರ ಭಯವಾಗಿತ್ತು. ಅಂತಹ ಅನಾಹುತ ಕಂಡುಬರಲಿಲ್ಲ.

1977, ಸೆಪ್ಟೆಂಬರ್ 16

ಜ್ಯೂರಿಕ್ ಆಸ್ಪತ್ರೆಗೆ ದಾಖಲಾದ ವಿಮಾ ಪ್ರತಿನಿಧಿಯೊಬ್ಬರಿಗೆ ತೀವ್ರವಾದ ಎದೆನೋವಿತ್ತು. ಹೃದಯದ ಎಡ ಮುಂಭಾಗಕ್ಕೆ ರಕ್ತ ಒದಗಿಸುವ ಮುಖ್ಯ ನಾಳದ ಆರಂಭದಲ್ಲೇ ಒಂದು ಗಿಡ್ಡನೆಯ, ಬಿಗಿಯಾದ ಕಿರಿತ. ಉಳಿದ ನಾಳಗಳು ಸರಿಯಾಗಿದ್ದವು. ರೋಗಿಯ ವಯಸ್ಸು 38. ಗ್ರುಂಟ್ಸಿಗ್ ಅವರ ವಯಸ್ಸೂ ಆಗ 38. ಕಿರಿಯ ವೈದ್ಯ ಬರ್ನ್‌ಹಾರ್ಡ್ ಮೈಯರ್ ಈ ರೋಗಿಯ ಬಗ್ಗೆ ಗಮನ ಸೆಳೆದರು. ಬೈಪಾಸ್ ಆಗಬೇಕಿದ್ದ ಆತನಿಗೆ ಗ್ರುಂಟ್ಸಿಗ್ ಎಲ್ಲವನ್ನೂ ವಿವರಿಸಿದರು, ಎಚ್ಚರವಾಗಿರುವ ಮನುಷ್ಯನಲ್ಲಿ ಇದನ್ನು ಹಿಂದೆ ಯಾರೂ ಮಾಡಿಲ್ಲ ಎಂಬುದನ್ನೂ ಸೇರಿಸಿ. ರೋಗಿ ಒಪ್ಪಿದರು.

ಇಲ್ಲಿ ಇನ್ನೊಬ್ಬರ ಹೆಸರನ್ನು ಹೇಳಲೇಬೇಕು. ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಓಕೆ ಸೆನ್ನಿಂಗ್, 1958ರಲ್ಲಿ ಸ್ವೀಡನ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಪೇಸ್‌ಮೇಕರ್ ಅಳವಡಿಸಿದವರು. ಬಲೂನು ಗೆದ್ದರೆ ಕತ್ತಿ ಹಿಡಿದವರ ಕೆಲಸ ಕಡಿಮೆಯಾಗುವುದು ಖಚಿತವಿದ್ದರೂ ಅವರು ಅಡ್ಡಿ ಮಾಡಲಿಲ್ಲ, ಶಸ್ತ್ರಚಿಕಿತ್ಸಕರ ತಂಡವನ್ನು ಸಿದ್ಧವಾಗಿರಿಸಿದರು. ಸೆನ್ನಿಂಗ್ ಒಪ್ಪದಿದ್ದರೆ ಅಂದಿನ ಆ ಪ್ರಯತ್ನ ನಡೆಯುತ್ತಲೇ ಇರಲಿಲ್ಲ.

ತೊಡೆಸಂದಿನಿಂದ ಹೊರಟ ಕೊಳವೆ ಹೃದಯ ತಲುಪಿತು. ಬಲೂನು ಒಮ್ಮೆ ಉಬ್ಬಿತು, ಇಳಿಯಿತು. ಎರಡನೇ ಬಾರಿ ಉಬ್ಬಿತು. ಹೃದಯದ ಲಯ ತಪ್ಪಲಿಲ್ಲ. ಒತ್ತಡದ ವ್ಯತ್ಯಾಸ ಇಳಿಯಿತು, ಚಿತ್ರದಲ್ಲಿ ನಾಳ ತೆರೆದಿತ್ತು. ಪಕ್ಕದಲ್ಲಿ ಸಜ್ಜಾಗಿದ್ದ ಶಸ್ತ್ರಚಿಕಿತ್ಸಕರಿಗೆ ಕೆಲಸ ಬೀಳಲಿಲ್ಲ.

ಮೊದಲ ಐವರು ರೋಗಿಗಳ ವಿವರ 1978ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಟ್ಟ ಪತ್ರವಾಗಿ ಪ್ರಕಟವಾಯಿತು. 1979ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ 50 ರೋಗಿಗಳ ವರದಿ ಗ್ರುಂಟ್ಸಿಗ್ ಅವರ ಸ್ವಭಾವವನ್ನು ತೋರುತ್ತದೆ. ಫಲಿಸಿದ್ದು 32 ಮಂದಿಯಲ್ಲಿ ಮಾತ್ರ. ಐವರಿಗೆ ತುರ್ತು ಬೈಪಾಸ್ ಬೇಕಾಯಿತು, ಮೂವರಲ್ಲಿ ಹೃದಯಾಘಾತದ ಕುರುಹು ಕಂಡಿತು. ಇವೆಲ್ಲವೂ ಮುಚ್ಚುಮರೆಯಿಲ್ಲದೆ ಅದರಲ್ಲಿವೆ. ಬೈಪಾಸ್ ಬೇಕಾಗುವವರಲ್ಲಿ ನೂರಕ್ಕೆ 10ರಿಂದ 15 ಮಂದಿಗಷ್ಟೇ ಈ ವಿಧಾನ ಹೊಂದೀತೆಂದೂ, ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ನೋಡುವ ಪರೀಕ್ಷೆ ನಡೆಯಬೇಕೆಂದೂ ಅದೇ ವರದಿ ಹೇಳುತ್ತದೆ. ತಾನೇ ಕಂಡುಹಿಡಿದ ಚಿಕಿತ್ಸೆಗೆ ಇಷ್ಟು ಸಣ್ಣ ಬೇಲಿ ಹಾಕಿದವರು ವೈದ್ಯಕೀಯ ಚರಿತ್ರೆಯಲ್ಲಿ ಹೆಚ್ಚು ಮಂದಿ ಸಿಗಲಾರರು.

ಹಾಗೆಂದು ಅವರು ಸಂಕೋಚದ ಮನುಷ್ಯರೇನಲ್ಲ. ದಟ್ಟ ಮೀಸೆಯ, ಆಕರ್ಷಕ ವ್ಯಕ್ತಿತ್ವದ ಗ್ರುಂಟ್ಸಿಗ್‌ಗೆ ಸಭೆಯನ್ನು ಗೆಲ್ಲುವ ಕಲೆ ಕರಗತವಾಗಿತ್ತು. 1978ರಿಂದ ಜ್ಯೂರಿಕ್‌ನಲ್ಲಿ ಅವರು ನಡೆಸಿದ ಶಿಬಿರಗಳಲ್ಲಿ, ಚಿಕಿತ್ಸೆ ನಡೆಯುತ್ತಿದ್ದಂತೆಯೇ ಅದರ ದೃಶ್ಯ ಟೆಲಿವಿಷನ್ ಮೂಲಕ ಸಭಾಂಗಣದಲ್ಲಿದ್ದ ವೈದ್ಯರಿಗೆ ಕಾಣುತ್ತಿತ್ತು. ಗೆದ್ದರೂ ಕಾಣುತ್ತಿತ್ತು, ಸೋತರೂ ಕಾಣುತ್ತಿತ್ತು. ವಿವಿಧ ದೇಶಗಳ ವೈದ್ಯರು ಮಾಡಿದ ಪ್ರತಿಯೊಂದು ಚಿಕಿತ್ಸೆಯೂ ಒಂದೆಡೆ ದಾಖಲಾಗಬೇಕೆಂಬ ಅವರ ಆಗ್ರಹವೂ ಸೇರಿ, 1979ರಲ್ಲಿ ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆ ನೋಂದಣಿ ಪುಸ್ತಕ ತೆರೆಯಿತು.

ಅಟ್ಲಾಂಟಾದ ಐದು ವರ್ಷ

ಜ್ಯೂರಿಕ್‌ನಲ್ಲಿ ಹಾಸಿಗೆಗಳೂ ಪ್ರಯೋಗಾಲಯದ ಸಮಯವೂ ಅವರಿಗೆ ಸಾಲುತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದ ಕರೆಗೆ ಓಗೊಟ್ಟರು. ಅಲ್ಲಿ ಡಾ. ವಿಲ್ಲಿಸ್ ಹರ್ಸ್ಟ್ ಅವರ ಬೆಂಬಲ, ಡಾ. ಸ್ಪೆನ್ಸರ್ ಕಿಂಗ್ ಅವರ ಜೊತೆಗಾರಿಕೆ ದೊರೆತವು. ಜ್ಯೂರಿಕ್‌ನಲ್ಲಿ ಒಟ್ಟು 169 ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ಅವರ ಸುತ್ತ ಎಮೊರಿಯಲ್ಲಿ ಸಾವಿರಗಳ ಲೆಕ್ಕ ಬೆಳೆಯಿತು. ಮೊದಲ ದಾಂಪತ್ಯ ಮುರಿದು, ವೈದ್ಯಕೀಯ ಕ್ಷೇತ್ರದವರೇ ಆದ ಮಾರ್ಗರೆಟ್ ಆನ್ ಅವರನ್ನು ವರಿಸಿದರು. ಹಣ ಬಂತು, ಕೀರ್ತಿ ಬಂತು. ವಿಮಾನ ನಡೆಸುವ ಹವ್ಯಾಸವೂ ಬಂತು.

ಇದೇ ಹೊತ್ತಿಗೆ ಹೃದಯಾಘಾತದ ಕುರಿತ ವೈದ್ಯಲೋಕದ ತಿಳಿವಳಿಕೆಯೇ ತಲೆಕೆಳಗಾಗುತ್ತಿತ್ತು. ಕರೊನರಿ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೂ ಹೃದಯಾಘಾತಕ್ಕೂ ಇರುವ ನಂಟನ್ನು ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲೇ ವಿವರಿಸಿದ್ದರು. ಆದರೆ ಹೆಪ್ಪು ಆಘಾತಕ್ಕೆ ಕಾರಣವೋ ಅಥವಾ ಆಘಾತದ ಪರಿಣಾಮವೋ ಎಂಬ ವಾದ 1970ರ ದಶಕದಲ್ಲೂ ಮುಗಿದಿರಲಿಲ್ಲ. 1980ರಲ್ಲಿ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಹೃದಯಾಘಾತ ನಡೆಯುತ್ತಿರುವಾಗಲೇ ನಾಳಗಳ ಚಿತ್ರ ತೆಗೆದರು. ನೋವು ಶುರುವಾದ ನಾಲ್ಕು ಗಂಟೆಯೊಳಗೆ ಪರೀಕ್ಷಿಸಲಾದವರಲ್ಲಿ ಶೇ. 87ರಷ್ಟು ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಅವರಲ್ಲಿ ಹಲವರ ನಾಳದಿಂದ ಶಸ್ತ್ರಚಿಕಿತ್ಸೆಯ ವೇಳೆ ಹೆಪ್ಪನ್ನು ಹೊರತೆಗೆದು ಕಣ್ಣಾರೆ ನೋಡಲಾಯಿತು. ವಾದ ಅಲ್ಲಿಗೆ ನಿಂತಿತು. ಜರ್ಮನಿಯ ಪೀಟರ್ ರೆಂಟ್ರಾಪ್ ಅಷ್ಟರಲ್ಲಾಗಲೇ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಔಷಧವನ್ನು ನೇರವಾಗಿ ಹೃದಯದ ನಾಳಕ್ಕೇ ಹರಿಸಿ ನೋಡಿದ್ದರು. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಜೆಫ್ರಿ ಹಾರ್ಟ್ಸ್ಲರ್ 1980ರಿಂದಲೇ ಗ್ರುಂಟ್ಸಿಗ್ ಬಲೂನನ್ನು ಹೃದಯಾಘಾತದ ನಡುವೆಯೇ ಬಳಸತೊಡಗಿದರು.

ಗ್ರುಂಟ್ಸಿಗ್ ಅವರ ಬಲೂನು ಮೂಲದಲ್ಲಿ ಹೆಪ್ಪಿಗಾಗಿ ರೂಪುಗೊಂಡದ್ದಲ್ಲ. ಸ್ಥಿರವಾದ ಎದೆನೋವು, ಒಂದೇ ನಾಳ, ಗಿಡ್ಡನೆಯ ಮೃದುವಾದ ಕಿರಿತ, ಇವು ಅವರು ವಿಧಿಸಿದ್ದ ಷರತ್ತುಗಳು. ರಕ್ತ ಹೆಪ್ಪುಗಟ್ಟುವುದು ಅವರ ಪಾಲಿಗೆ ಗುರಿಯಾಗಿರಲಿಲ್ಲ, ಶತ್ರುವಾಗಿತ್ತು. ಬಲೂನು ಉಬ್ಬಿಸಿದಾಗ ಕೊಬ್ಬು ಹಿಮದ ಮೇಲಿನ ಹೆಜ್ಜೆಯಂತೆ ಅದುಮಿಕೊಳ್ಳುತ್ತದೆ ಎಂದು ಮೊದಲು ಭಾವಿಸಲಾಗಿತ್ತು. ವಾಸ್ತವದಲ್ಲಿ ಕೊಬ್ಬಿನ ಪದರ ಬಿರಿಯುತ್ತದೆ, ನಾಳದ ಗೋಡೆ ಹಿಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ತೆರೆದ ನಾಳ ಅಲ್ಲೇ ಮುಚ್ಚಿಹೋಗುತ್ತದೆ. ಆಸ್ಪಿರಿನ್, ಹೆಪಾರಿನ್‌ಗಳನ್ನು ಅವರು ಮೊದಲಿನಿಂದಲೂ ಕೊಡುತ್ತಿದ್ದುದು ಈ ಕಾರಣಕ್ಕೆ, ಶಸ್ತ್ರಚಿಕಿತ್ಸಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದುದೂ ಈ ಕಾರಣಕ್ಕೆ. ಒಂದು ವೇಳೆ ಹೆಪ್ಪು ಕಾಡದಿದ್ದರೂ, ಅನೇಕರಲ್ಲಿ ಕೆಲವು ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಈ ತೊಡಕಿಗೆ ಅವರ ಜೀವಿತಕಾಲದಲ್ಲಿ ಪರಿಹಾರ ಸಿಗಲಿಲ್ಲ.

1985ರ ಅಕ್ಟೋಬರ್ 27, ಭಾನುವಾರ. ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿದ್ದ ಮನೆಯಿಂದ ಅಟ್ಲಾಂಟಾಕ್ಕೆ ಮರಳಲು ಗ್ರುಂಟ್ಸಿಗ್ ತಮ್ಮ ಎರಡು ಎಂಜಿನ್‌ಗಳ ಪುಟ್ಟ ವಿಮಾನವನ್ನು ತಾವೇ ಚಲಾಯಿಸುತ್ತಾ ಹೊರಟರು. ಜೊತೆಗೆ ಪತ್ನಿ ಮಾರ್ಗರೆಟ್ ಆನ್, ಎರಡು ನಾಯಿಗಳು. ಹವಾಮಾನ ಕೆಟ್ಟಿತ್ತು. ಫೋರ್ಸಿತ್ ಎಂಬ ಊರಿನ ಬಳಿ ವಿಮಾನ ನೆಲಕ್ಕಪ್ಪಳಿಸಿತು. ಯಾರೂ ಉಳಿಯಲಿಲ್ಲ. ಗ್ರುಂಟ್ಸಿಗ್‌ಗೆ ಆಗ 46 ವರ್ಷ. ಪಕ್ಕದ ಕೋಣೆಯಲ್ಲಿ ಶಸ್ತ್ರಚಿಕಿತ್ಸಕರಿಲ್ಲದೆ ರೋಗಿಯನ್ನು ಮುಟ್ಟದಿದ್ದ ವೈದ್ಯ, ಅಂಥ ಹವೆಯಲ್ಲಿ ಆಕಾಶಕ್ಕೇರಿದ್ದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1985 ಈ ವಿದ್ಯೆಯ ಪಾಲಿಗೆ ಶೋಕದ ವರ್ಷ. ಹೃದಯದ ನಾಳಗಳ ಚಿತ್ರ ತೆಗೆಯುವುದನ್ನು ಕಲಿಸಿದ ಮೇಸನ್ ಸೋನ್ಸ್ ಮತ್ತು ಮೆಲ್ವಿನ್ ಜಡ್‌ಕಿನ್ಸ್, ಕಾಲಿನ ನಾಳ ತೆರೆದ ಚಾರ್ಲ್ಸ್ ಡಾಟರ್ ಕೂಡ ಅದೇ ವರ್ಷ ತೀರಿಕೊಂಡಿದ್ದರು.

ಜ್ಯೂರಿಕ್‌ನ ಆ 169 ರೋಗಿಗಳನ್ನು ಐದರಿಂದ ಎಂಟು ವರ್ಷ ಹಿಂಬಾಲಿಸಿ ಬರೆದ ವರದಿ 1987ರಲ್ಲಿ ಬೆಳಕು ಕಂಡಿತು. 133 ಮಂದಿಯಲ್ಲಿ ಚಿಕಿತ್ಸೆ ಫಲಿಸಿತ್ತು. ಲೇಖಕರ ಸಾಲಿನಲ್ಲಿ ಗತಿಸಿದ ಗ್ರುಂಟ್ಸಿಗ್ ಅವರ ಹೆಸರಿನೊಂದಿಗೆ, ಅಡುಗೆಮನೆಯ ಮೇಜಿನಲ್ಲಿ ಬಲೂನು ಅಂಟಿಸಿದ ಮರಿಯಾ ಶ್ಲುಂಫ್ ಹೆಸರೂ ಇತ್ತು. ಮೊಟ್ಟಮೊದಲ ರೋಗಿಯ ನಾಳದ ಚಿತ್ರವನ್ನು 2000ದಲ್ಲಿ, ಅಂದರೆ 23 ವರ್ಷಗಳ ನಂತರ ಮತ್ತೆ ತೆಗೆದಾಗ, ಅಂದು ಬಲೂನು ಉಬ್ಬಿದ ಜಾಗ ತೆರೆದೇ ಇತ್ತು.

ಗ್ರುಂಟ್ಸಿಗ್ ನಂತರ ಬಲೂನಿನ ಹಾದಿ ಅವರು ಹಾಕಿದ ಬೇಲಿಯನ್ನು ದಾಟಿ ಬಹುದೂರ ಸಾಗಿತು. 1986ರಲ್ಲಿ ಫ್ರಾನ್ಸಿನ ಜಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್ಲೆಂಡಿನ ಉಲ್ರಿಚ್ ಸಿಗ್‌ವಾರ್ಟ್ ಹೃದಯದ ನಾಳದಲ್ಲಿ ಸ್ಟೆಂಟ್ ಕೂರಿಸಿದರು. ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಔಷಧಕ್ಕಿಂತ ನೇರವಾಗಿ ಬಲೂನು ಬಳಸುವುದೇ ಮೇಲೆಂದು 1993ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ಬಳಿಕ ಹೆಪ್ಪನ್ನೇ ಹೀರಿ ತೆಗೆಯುವ ಕೊಳವೆ ಬಂತು. ಬಲೂನು ಅಥವಾ ಸ್ಟೆಂಟ್ ಉಬ್ಬಿದಾಗ ಹೆಪ್ಪಿನ ಚೂರುಗಳು ಮುಂದಿನ ಸಣ್ಣ ನಾಳಗಳಿಗೆ ತೇಲಿಹೋಗುತ್ತವೆ, ಮೊದಲೇ ಹೀರಿಬಿಟ್ಟರೆ ಆ ತೊಂದರೆ ಇಲ್ಲ ಎಂಬ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 1,071 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆ ಭರವಸೆ ಮೂಡಿಸಿತು. ಹಲವೆಡೆ ಅದು ವಾಡಿಕೆಯೂ ಆಯಿತು.

ಆದರೆ 2013ರಲ್ಲಿ 7,244 ರೋಗಿಗಳನ್ನೊಳಗೊಂಡ ಟೇಸ್ಟ್ ಪರೀಕ್ಷೆಯಲ್ಲಿ ಸಾವಿನ ಸಂಖ್ಯೆ ಕಡಿಮೆಯಾಗಲಿಲ್ಲ. 2015ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಟೋಟಲ್ ಪರೀಕ್ಷೆಯೂ ಅದನ್ನೇ ಹೇಳಿತು. ಅಷ್ಟೇ ಅಲ್ಲ, ಹೆಪ್ಪು ಹೀರಿದವರ ಗುಂಪಿನಲ್ಲಿ 30 ದಿನಗಳೊಳಗೆ ಪಾರ್ಶ್ವವಾಯುವಿಗೆ ತುತ್ತಾದವರು ಶೇ. 0.7, ಹೀರದ ಗುಂಪಿನಲ್ಲಿ ಶೇ. 0.3. ಕೊಳವೆ ಹಿಂದೆಗೆಯುವಾಗ ಹೆಪ್ಪಿನ ಚೂರು ಜಾರಿ ಮೆದುಳಿನ ನಾಳಕ್ಕೆ ಹೋಗುವ ಸಾಧ್ಯತೆಯತ್ತ ತಜ್ಞರ ಗಮನ ಹರಿಯಿತು. 2017ರ ಯುರೋಪಿನ ಮಾರ್ಗಸೂಚಿ ಎಲ್ಲರಿಗೂ ವಾಡಿಕೆಯಂತೆ ಹೆಪ್ಪು ಹೀರುವುದನ್ನು ಬೇಡವೆಂದಿತು. ತಂತಿ ಅಥವಾ ಬಲೂನಿನಿಂದ ನಾಳ ತೆರೆದ ಮೇಲೂ ದೊಡ್ಡ ಹೆಪ್ಪು ಉಳಿದುಕೊಂಡಿದ್ದರೆ ಮಾತ್ರ ಅದನ್ನು ಪರಿಗಣಿಸಬಹುದು ಎಂಬ ಸಣ್ಣ ಅವಕಾಶವನ್ನಷ್ಟೇ ಉಳಿಸಿತು.